ಶುಕ್ರವಾರದ ಖಾಲಿ ಎಲೆ

ಅವರು ನನಗೆ ಕಲಿಸಿದ ಮೊದಲ ಕೆಲಸ ಎಲೆ ಹಾಕುವುದು.

ಊಟದ ಎಲೆಯಲ್ಲ. ತೊಂಬತ್ತರ ದಶಕದ ಕೊನೆಯ ಕಡೆ ನಮ್ಮ ರೇಷ್ಮೆ ಬೆಳೆಗಾರರ ಒಕ್ಕೂಟಕ್ಕೆ ನಾಲ್ಕು ಊರುಗಳಲ್ಲಿ ಕಚೇರಿಗಳಿದ್ದವು. ಚಿಕ್ಕಬಳ್ಳಾಪುರದಲ್ಲಿ ಮುಖ್ಯ ಕಚೇರಿ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಶಾಖೆಗಳು. ನಾಲ್ಕನ್ನೂ ಕಂಪ್ಯೂಟರ್ ತಂತಿಯಲ್ಲಿ ಜೋಡಿಸಿದ್ದರು. ಪ್ರತಿ ಕಚೇರಿಯಲ್ಲೂ ರೂಟರ್ ಎಂಬ ಒಂದು ಪೆಟ್ಟಿಗೆ. ಯಾವ ಊರಿಗೆ ಹೋಗುವುದು ಯಾವ ತಂತಿಯಲ್ಲಿ ಹೋಗಬೇಕು ಎಂಬುದು ಆ ಪೆಟ್ಟಿಗೆಗೆ ಗೊತ್ತಿರುತ್ತದೆ. ಅದಕ್ಕೆ ಗೊತ್ತಿರುವುದೆಲ್ಲ ಸೇರಿದರೆ ಒಂದೂವರೆ ಪುಟದ ಬರಹ; ಅದನ್ನು ಕಾನ್ಫಿಗ್ ಫೈಲು ಎನ್ನುತ್ತಿದ್ದೆವು. ಆ ಬರಹ ಅಳಿಸಿಹೋದರೆ ಪೆಟ್ಟಿಗೆ ಬರೀ ಪೆಟ್ಟಿಗೆ. ಹಾಗಾಗಿ ದಿನವೂ ಸಂಜೆ ನಾಲ್ಕೂವರೆಗೆ ಅದರ ಒಂದು ಪ್ರತಿಯನ್ನು ಗೌರಿಬಿದನೂರಿನ ಸರ್ವರಿಗೆ ಕಳಿಸಿ ಇಡುತ್ತಿದ್ದರು. ಐದಕ್ಕೆ ಕರೆಂಟು ಹೋಗುತ್ತಿತ್ತು, ಅದಕ್ಕೇ ನಾಲ್ಕೂವರೆ.

ಆ ಸರ್ವರಿಗೆ ಒಂದು ವಿಚಿತ್ರ ಗುಣವಿತ್ತು. ಬರಲಿರುವ ಫೈಲಿನ ಹೆಸರಿನಲ್ಲೇ ಒಂದು ಖಾಲಿ ಫೈಲು ತನ್ನಲ್ಲಿ ಮೊದಲೇ ಇದ್ದರೆ ಮಾತ್ರ ಅದು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಇಲ್ಲದಿದ್ದರೆ ಮುಖ ತಿರುಗಿಸುತ್ತಿತ್ತು. ಇದೆಂಥ ನಿಯಮ ಎಂದು ನಾನು ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಎಲೆ ಹಾಕದೆ ಬಡಿಸೋಕೆ ಹೋದ್ರೆ ನೆಲಕ್ಕೆ ಬಡಿಸಬೇಕಾಗ್ತದೆ ಕಣಪ್ಪ" ಅಂದರು. ಆಮೇಲೆ ಫೋನೆತ್ತಿ ಗೌರಿಬಿದನೂರಿನ ಶಾಖೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಪದ್ಮಕ್ಕನಿಗೆ ಎಲೆ ಹಾಕಮ್ಮ ಎಂದರು. ಪದ್ಮಕ್ಕ ಹಾಕಿದರು. ಇವರು ಇಲ್ಲಿಂದ ಬಡಿಸಿದರು. ಪದ್ಮಕ್ಕ ಅಲ್ಲಿ ಬಂದ ಫೈಲಿನ ಅಳತೆಯನ್ನು ಇಷ್ಟು ಸಾವಿರದ ಇಷ್ಟು ಎಂದು ಬಿಡಿ ಅಂಕಿಯವರೆಗೂ ಓದಿ ಹೇಳಿದರು. ಇಲ್ಲಿನದಕ್ಕೂ ಅಲ್ಲಿನದಕ್ಕೂ ತಾಳೆಯಾದ ಮೇಲೆ ಇವರು ಫೋನಿಟ್ಟು ಟಿಫಿನ್ ಕ್ಯಾರಿಯರ್ ಎತ್ತಿಕೊಂಡರು.

ನಾನು ಅವರ ಜೊತೆಗಿದ್ದಷ್ಟು ದಿನವೂ ಈ ಮಾತುಕತೆಯಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾಗಲಿಲ್ಲ. ಪದ್ಮಕ್ಕನ ಮಗಳ ಮದುವೆಯ ದಿನ ಕೂಡ ನಾಲ್ಕೂವರೆಗೆ ಫೋನು ಹೋಗಿತ್ತು. ಆಕೆ ಛತ್ರದಲ್ಲಿ ನಿಜವಾದ ಎಲೆ ಹಾಕಿಸುವುದನ್ನು ಬಿಟ್ಟು, ಎರಡು ಬೀದಿ ಆಚೆಯ ಕಚೇರಿಗೆ ಬಂದು ಈ ಎಲೆ ಹಾಕಿ ಹೋದರಂತೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮೂರು ಕಡೆ ಬರೆಯಬೇಕಾಗುತ್ತದೆ ಎಂದು ಅವರೇ ನಗುತ್ತಿದ್ದರೇನೋ. ಕಚೇರಿಯಲ್ಲಿ ಎದುರಿಗೆ ಎಲ್ಲರೂ ಅಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ನಕಲಪ್ಪ. ಆ ಹೆಸರು ಅವರಿಗೂ ಗೊತ್ತಿತ್ತು. ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ಅವರ ಹತ್ತಿರ ಎಲ್ಲವೂ ಎರಡು ಅಥವಾ ಮೂರು ಇರುತ್ತಿತ್ತು. ಸೈಕಲ್ಲಿಗೆ ಎರಡು ಬೀಗದ ಕೈ. ಒಂದು ಸೊಂಟದಲ್ಲಿ, ಒಂದು ಕಚೇರಿಯ ಎದುರಿನ ಸೋಡಾ ಅಂಗಡಿಯವನ ಹತ್ತಿರ. ಕನ್ನಡಕ ಎರಡು. ಕೊಡೆ ಮೂರು: ಕಚೇರಿಯಲ್ಲೊಂದು, ಬಾಡಿಗೆ ಕೋಣೆಯಲ್ಲೊಂದು, ಕಳವಾರದ ತಂಗಿ ಮನೆಯಲ್ಲೊಂದು. ಇಷ್ಟಿದ್ದೂ ಮಳೆ ಬಂದಾಗ ಅವರು ನೆನೆಯುತ್ತಿದ್ದುದೇ ಹೆಚ್ಚು, ಯಾಕೆಂದರೆ ಮಳೆ ಬರುತ್ತಿದ್ದುದು ಈ ಮೂರು ಜಾಗಗಳ ನಡುವಿನ ದಾರಿಯಲ್ಲಿ. ಮದುವೆಯಾಗಿರಲಿಲ್ಲ. ಎಲ್ಲವನ್ನೂ ಮೂರು ಮೂರು ಇಟ್ಟುಕೊಂಡ ಮನುಷ್ಯ ಹೆಂಡತಿಯನ್ನು ಮಾತ್ರ ಒಂದೂ ಇಟ್ಟುಕೊಳ್ಳಲಿಲ್ಲ ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದರು.

ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ಇಲ್ಲದಿದ್ದಾಗಲೂ ಅವರು ಇದೇ ಒಕ್ಕೂಟದಲ್ಲಿ ಗುಮಾಸ್ತರಾಗಿ ಪಟ್ಟಿ ಬರೆಯುತ್ತಿದ್ದರು. ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ. ಮೂರನೆಯದು ಬ್ರಹ್ಮನಿಗೂ ಓದಲು ಬರುತ್ತಿರಲಿಲ್ಲವಂತೆ. ಅದನ್ನೇ ಎಲ್ಲಕ್ಕಿಂತ ಜೋಪಾನವಾಗಿ ಎತ್ತಿಡುತ್ತಿದ್ದರಂತೆ. ಕಂಪ್ಯೂಟರ್ ಬಂದಾಗ ಉಳಿದ ಹಳಬರೆಲ್ಲ ಹೆದರಿ ಬೇರೆ ವಿಭಾಗ ಕೇಳಿಕೊಂಡರು. ಇವರು ಮಾತ್ರ, ಇದರಲ್ಲಿ ಮೂರನೇ ಕಾಪಿಯೂ ಮೊದಲನೆಯದರ ಹಾಗೇ ಬರುತ್ತದೆಯೇ ಎಂದು ವಿಚಾರಿಸಿ, ಬರುತ್ತದೆ ಎಂದ ಮೇಲೆ ಆ ಕೋಣೆಗೆ ಹೋಗಿ ಕುಳಿತರು. ಇಂಗ್ಲಿಷು ಅಷ್ಟಕ್ಕಷ್ಟೇ. ಆಜ್ಞೆಗಳನ್ನು ಅರ್ಚಕರು ಮಂತ್ರ ಕಲಿತಂತೆ ಬಾಯಿಪಾಠ ಮಾಡಿದ್ದರು, ಆದರೆ ಯಾವ ಮಂತ್ರಕ್ಕೆ ಯಾವ ಫಲ ಎಂಬುದು ನನ್ನಂಥ ಡಿಪ್ಲೊಮಾದವನಿಗಿಂತ ಚೆನ್ನಾಗಿ ಗೊತ್ತಿತ್ತು.

ಬೆಂಗಳೂರಿನಿಂದ ಬಂದ ಎಂಜಿನಿಯರೊಬ್ಬರು ಒಮ್ಮೆ, ನಾಲ್ಕು ಪೆಟ್ಟಿಗೆಗೆ ದಿನಾ ಬ್ಯಾಕಪ್ ಯಾಕೆ, ಏನಾದರೂ ಬದಲಾಯಿಸಿದ ದಿನ ತೆಗೆದರೆ ಸಾಕು ಎಂದರು. ಇವರು ಕೈ ಕಟ್ಟಿಕೊಂಡು ಕೇಳಿಸಿಕೊಂಡರು. "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಅಂತಾರಲ್ಲ ಸಾ. ಹಂಗೇ ಒಂದು ಕಾಪಿ ಕಾಪಿಯಲ್ಲ" ಅಂದರು. ಎಂಜಿನಿಯರು ನಕ್ಕು ಬೆಂಗಳೂರಿನ ಬಸ್ಸು ಹತ್ತಿದರು. ನಾಲ್ಕೂವರೆಗೆ ಯಥಾಪ್ರಕಾರ ಎಲೆ ಬಿತ್ತು.

ಈ ಹುಚ್ಚು ಎಲ್ಲಿಂದ ಬಂತು ಎಂದು ಒಂದು ಮಧ್ಯಾಹ್ನ ಕೇಳಿದ್ದೆ. ಊಟ ಮಾಡುತ್ತಿದ್ದರು. ಮುದ್ದೆ ಮುರಿಯುತ್ತಲೇ ಹೇಳಿದರು. ಚಿಕ್ಕವರಿದ್ದಾಗ ಕಳವಾರದಲ್ಲಿ ಇವರದು ಹುಲ್ಲು ಹೊದಿಸಿದ ಮನೆ. ಬೆಟ್ಟದ ಕಡೆಯಿಂದ ಗಾಳಿ ಬೀಸಿದ ಒಂದು ಬೇಸಿಗೆಯಲ್ಲಿ ಒಲೆಯ ಕಿಡಿ ಹಾರಿ ಮನೆ ಪೂರ್ತಿ ಸುಟ್ಟುಹೋಯಿತು. ಆದರೆ ಇವರ ತಾಯಿ ಬಿತ್ತನೆ ರಾಗಿಯನ್ನು ಎಂದೂ ಒಂದೇ ಮನೆಯಲ್ಲಿ ಇಡುತ್ತಿರಲಿಲ್ಲ. ಒಂದು ಪಾಲು ತಮ್ಮ ಮನೆಯಲ್ಲಿ, ಒಂದು ಪಾಲು ಊರಾಚೆಯ ಅತ್ತೆ ಮನೆಯಲ್ಲಿ, ಒಂದು ಪಾಲು ಮುದ್ದೇನಹಳ್ಳಿಯ ನೆಂಟರಲ್ಲಿ. ಬೂದಿ, ಬೇವಿನ ಸೊಪ್ಪು ಬೆರೆಸಿ ಮಡಕೆಗೆ ತುಂಬಿ ಬಾಯಿ ಕಟ್ಟಿ ಕೊಟ್ಟುಬರುತ್ತಿದ್ದರು. ಆ ವರ್ಷ ಮುಂಗಾರಿಗೆ ಅತ್ತೆ ಮನೆಯ ರಾಗಿ ತಂದು ಬಿತ್ತಿದರು. ಇವರು ಕತೆಯನ್ನು ಅಷ್ಟಕ್ಕೇ ಮುಗಿಸಿದರು: "ಮನೆ ಹೋಯ್ತು. ಬೆಳೆ ಹೋಗಲಿಲ್ಲ." ಆಮೇಲೆ ಸಾರು ಚೆನ್ನಾಗಿದೆ, ತಗೋ ಎಂದರು.

ತಾಯಿಯಿಂದ ಇನ್ನೊಂದು ಪದ್ಧತಿಯೂ ಬಂದಿತ್ತು. ಬಿತ್ತುವ ಮುಂಚೆ ಆಕೆ ಒಂದು ಹಿಡಿ ರಾಗಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರುತ್ತದೋ ಎಂದು ನೋಡುತ್ತಿದ್ದರಂತೆ. ಇವರು ತಿಂಗಳಿಗೊಮ್ಮೆ ಗೌರಿಬಿದನೂರಿನಿಂದ ಒಂದು ಫೈಲನ್ನು ವಾಪಸ್ ತರಿಸಿ, ಮೂಲೆಯಲ್ಲಿದ್ದ ಹಳೆಯ ರೂಟರಿಗೆ ಹಾಕಿ ನೋಡುತ್ತಿದ್ದರು. ಅದು ಎದ್ದು ಕೂತರೆ, ಮೊಳಕೆ ಬಂತು ಎನ್ನುತ್ತಿದ್ದರು. ಮೊಳಕೆ ಬರದ ತಿಂಗಳನ್ನು ನಾನು ಕಂಡಿಲ್ಲ.

ಶನಿವಾರ ಅವರ ಮೂರನೇ ಕಾಪಿಯ ದಿನ. ಬೆಳಗ್ಗೆ ಮೊದಲ ಬಸ್ಸಿಗೆ ಗೌರಿಬಿದನೂರಿಗೆ ಹೋಗಿ, ಆ ವಾರ ಸರ್ವರಿನಲ್ಲಿ ಸೇರಿದ ಫೈಲುಗಳನ್ನೆಲ್ಲ ಒಂದು ಫ್ಲಾಪಿಗೆ ಇಳಿಸಿ, ಟಿಫಿನ್ ಕ್ಯಾರಿಯರಿನ ಮೇಲಿನ ಡಬ್ಬದಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಸಂಜೆ ಸೈಕಲ್ ತುಳಿದು ಕಳವಾರಕ್ಕೆ ಹೋಗಿ ತಂಗಿಯ ಕೈಗೆ ಕೊಡುತ್ತಿದ್ದರು. ಆಕೆಗೆ ಓದಲು ಬರುತ್ತಿರಲಿಲ್ಲ. ಫ್ಲಾಪಿ ಎಂದರೆ ಏನೆಂದೂ ಗೊತ್ತಿರಲಿಲ್ಲ. ಅಣ್ಣ ಕೊಟ್ಟದ್ದನ್ನು ಅಟ್ಟದ ಮೇಲೆ ಬಿತ್ತನೆ ರಾಗಿಯ ಮಡಕೆಗಳ ಪಕ್ಕದಲ್ಲಿಡುತ್ತಿದ್ದರು. ಈ ಏರ್ಪಾಡಿಗೆ ಒಕ್ಕೂಟದ ಅನುಮತಿ ಇರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಇನ್ನು ಆ ಶುಕ್ರವಾರದ ವಿಷಯ.

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಲು ಎರಡು ತಿಂಗಳಿತ್ತು. ತುಂಬಿದರೆ ಕೆಲಸ ಖಾಯಂ. ಅಷ್ಟರೊಳಗೆ ಒಂದು ತಪ್ಪು ಕಂಡರೂ ಮನೆಗೆ ಕಳಿಸಬಹುದು ಎಂದು ನೇಮಕದ ಪತ್ರದಲ್ಲೇ ಬರೆದಿತ್ತು. ಜಂಗಮಕೋಟೆಯಲ್ಲಿ ನಮ್ಮ ಮನೆಯವರು ಹುಳು ಸಾಕುತ್ತಿದ್ದರು. ಹಗಲು ರಾತ್ರಿ ಸೊಪ್ಪು ಕೊಯ್ಯದೆ ಬದುಕುವ ದಾರಿ ನಮ್ಮ ವಂಶದಲ್ಲಿ ಮೊದಲು ಸಿಕ್ಕಿದ್ದು ನನಗೆ. ಅಣ್ಣನಿಗೆ ನಿವೃತ್ತಿಗೆ ಒಂದು ವರ್ಷ. ಇಷ್ಟು ವರ್ಷದ ಸೇವೆಯಲ್ಲಿ ಒಂದು ಮೆಮೊ ಇಲ್ಲ, ಒಂದು ದಿನ ಬ್ಯಾಕಪ್ ತಪ್ಪಿಲ್ಲ. ನಿವೃತ್ತಿಯಾದ ಮೇಲೂ ಎರಡು ವರ್ಷ ಇರಿ ಎಂದು ಕಾರ್ಯದರ್ಶಿಗಳು ಬಾಯಿಮಾತಿನಲ್ಲಿ ಹೇಳಿದ್ದರು. ಅವರು ಅದನ್ನು ಯಾರಿಗೂ ಹೇಳಿಕೊಳ್ಳದಿದ್ದರೂ ಹೊಸದಾಗಿ ಎರಡು ಜೊತೆ ಪ್ಯಾಂಟು ಹೊಲಿಸಿದ್ದರಿಂದ ಎಲ್ಲರಿಗೂ ಗೊತ್ತಾಗಿತ್ತು.

ಶುಕ್ರವಾರ ನಾಲ್ಕು ಗಂಟೆಗೆ ಅವರು ಚಹಾ ಕುಡಿಯಲು ಹೋಗಿದ್ದಾಗ ನಾನು ಚಿಕ್ಕಬಳ್ಳಾಪುರದ ರೂಟರಿನಲ್ಲಿ ಒಂದು ಬದಲಾವಣೆ ಮಾಡಿದೆ. ಚಿಂತಾಮಣಿಯ ಹಳೆಯ ತಂತಿಯ ಸಾಲು ತೆಗೆಯಬೇಕಿತ್ತು. ಸಾಲಿನ ಅಂಕಿ ಒಂದರ ಬದಲು ಎರಡು ಒತ್ತಿ ಶಿಡ್ಲಘಟ್ಟದ ಸಾಲು ತೆಗೆದೆ. ಆ ಹೊತ್ತಿಗೆ ಶಿಡ್ಲಘಟ್ಟಕ್ಕೆ ಏನೂ ಹೋಗುವುದಿರಲಿಲ್ಲವಾದ್ದರಿಂದ ಯಾರಿಗೂ ತಿಳಿಯಲಿಲ್ಲ, ನನಗೂ. ಉಳಿಸಿ, ಎದ್ದು, ನಾಲ್ಕೂಕಾಲರ ಬಸ್ಸು ಹಿಡಿದು ಊರಿಗೆ ಹೋದೆ.

ಶನಿವಾರ ಬೆಳಗ್ಗೆ ಚಾಕಿ ಹಂಚುವ ದಿನ. ಎರಡು ಜ್ವರ ದಾಟಿಸಿದ, ಎಂದರೆ ಎರಡು ಸಲ ಪೊರೆ ಬಿಟ್ಟ, ಮರಿಹುಳುಗಳಿಗೆ ಚಾಕಿ ಎನ್ನುತ್ತಾರೆ. ಶಿಡ್ಲಘಟ್ಟದ ನಮ್ಮ ಕೇಂದ್ರದಲ್ಲಿ ಅವನ್ನು ಸಾಕಿ, ತಟ್ಟೆಗಳಲ್ಲಿಟ್ಟು ವ್ಯಾನಿನಲ್ಲಿ ಹಳ್ಳಿಗಳಿಗೆ ತಲುಪಿಸಬೇಕು. ಯಾವ ಊರಿನ ಯಾರಿಗೆ ಎಷ್ಟು ಎಂಬ ಪಟ್ಟಿ ಅಂದು ಬೆಳಗ್ಗೆ ಚಿಕ್ಕಬಳ್ಳಾಪುರದಿಂದ ತಂತಿಯಲ್ಲಿ ಹೋಗಬೇಕು. ಬೆಳೆಗಾರರು ಸೊಪ್ಪು ಕೊಯ್ದಿಟ್ಟು ಕಾಯುತ್ತಿರುತ್ತಾರೆ. ಹುಳುವೂ ಕಾಯುವುದಿಲ್ಲ, ಸೊಪ್ಪೂ ಕಾಯುವುದಿಲ್ಲ.

ಪಟ್ಟಿ ಹೋಗಲಿಲ್ಲ. ನಾನು ಕಚೇರಿಗೆ ಬಂದು ಪರದೆ ನೋಡಿದ ಕೂಡಲೇ ನಿನ್ನೆ ಏನು ಮಾಡಿದ್ದೆ ಎಂಬುದು ತಿಳಿಯಿತು. ಆ ಸಾಲನ್ನು ಮತ್ತೆ ಸೇರಿಸಿದ್ದರೆ ಐದು ನಿಮಿಷದ ಕೆಲಸ. ಆದರೆ ಫೈಲಿನ ತಲೆಯಲ್ಲಿ, ಕೊನೆಯ ಬದಲಾವಣೆ ಇಷ್ಟು ಹೊತ್ತಿಗೆ ಇಂಥವರಿಂದ ಎಂದು ಪೆಟ್ಟಿಗೆ ತಾನಾಗಿ ಬರೆದುಕೊಳ್ಳುತ್ತಿತ್ತು. ಅವರವರ ಹೆಸರಲ್ಲೇ ಅವರವರು ಒಳಗೆ ಹೋಗಬೇಕು ಎಂದು ಕಟ್ಟುನಿಟ್ಟು ಮಾಡಿದ್ದವರೂ ಅಣ್ಣನೇ. ನನ್ನ ಹೆಸರು ಅಲ್ಲಿ ಕೂತಿತ್ತು. ಕಾರ್ಯದರ್ಶಿಗಳ ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳಿತು. ಹೆದರಿಕೆಯಲ್ಲಿ ನಾನು ಪೆಟ್ಟಿಗೆಯೊಳಗಿದ್ದುದನ್ನು ಪೂರ್ತಿ ಅಳಿಸಿ, ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ. ರಾತ್ರಿ ಕರೆಂಟು ಏರುಪೇರಾಗಿ ಎಲ್ಲ ಹೋಗಿದೆ ಸಾರ್ ಎಂದೆ. ಹೀಗೆ ಒಂದು ಊರಿಗೆ ನಿಂತಿದ್ದ ತಂತಿ ಮೂರು ಊರಿಗೂ ನಿಂತಿತು.

ಕಾರ್ಯದರ್ಶಿಗಳು ಪಟ್ಟಿಯನ್ನು ಫೋನಿನಲ್ಲಿ ಓದಿಬಿಡು ಎಂದರು. ಶಿಡ್ಲಘಟ್ಟದಲ್ಲಿ ಶಾಖೆಯ ಗುಮಾಸ್ತ ಅನ್ವರ್ ಭಾಯ್ ಬರೆದುಕೊಳ್ಳಲು ಕುಳಿತರು. ಇನ್ನೂರಕ್ಕೂ ಹೆಚ್ಚು ಹೆಸರು. ತಂದೆಯ ಹೆಸರು, ಸರ್ವೆ ನಂಬರು ಎಲ್ಲ ಓದುತ್ತ ಕೂತರೆ ಸಂಜೆಯಾಗುತ್ತದೆ, ಹೆಸರು ಊರು ಮಾತ್ರ ಸಾಕು ಎಂದರು ಕಾರ್ಯದರ್ಶಿಗಳು. ಅವರು ಈ ಸೀಮೆಯವರಲ್ಲ. ನಮ್ಮ ಕಡೆ ಹೆಸರು ಊರು ಮಾತ್ರ ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ಬಾಯಿ ತೆರೆಯುವ ಧೈರ್ಯ ಇರಲಿಲ್ಲ. ಓದಿದೆ. ಪಟ್ಟಿಯಲ್ಲಿ ಹದಿನೇಳು ಜನ ಮುನಿಯಪ್ಪಂದಿರಿದ್ದರು. ಜಂಗಮಕೋಟೆಯಲ್ಲೇ ಐವರು.

ವ್ಯಾನಿನ ಡ್ರೈವರು ಜಂಗಮಕೋಟೆಗೆ ಹೋಗಿ ಮುನಿಯಪ್ಪ ಯಾರು ಎಂದು ಕೇಳಿದ. ಸಿಕ್ಕಿದ ಮುನಿಯಪ್ಪನಿಗೆ ಕೊಟ್ಟ. ಮತ್ತೆ ಮುನಿಯಪ್ಪ ಎಂದ. ಅದೇ ಮುನಿಯಪ್ಪ ಮತ್ತೆ ಬಂದ. ಆತ ನಮ್ಮಪ್ಪ. ಎರಡು ಪಾಲು ಹುಳು ಬಂದದ್ದನ್ನು ಅಪ್ಪ ಮಗನ ನೌಕರಿಯ ಪ್ರಭಾವ ಎಂದು ತಿಳಿದು, ಅಕ್ಕಪಕ್ಕದವರಿಗೆ ಹೇಳಿಕೊಂಡು ತಿರುಗಿದರು. ಕೆಳಗಿನ ಬೀದಿಯ ಇನ್ನೊಬ್ಬ ಮುನಿಯಪ್ಪ, ಸೊಪ್ಪು ಕೊಯ್ದಿಟ್ಟುಕೊಂಡು, ಅದರ ಮೇಲೆ ಒದ್ದೆ ಗೋಣಿ ಹೊದಿಸಿ, ಸಂಜೆಯವರೆಗೂ ಬಾಗಿಲಲ್ಲಿ ಕೂತಿದ್ದ. ಇನ್ನೊಂದು ಹಳ್ಳಿಯಲ್ಲಿ ಆ ಸಲ ಹುಳುವಿನ ಬೆಳೆಯನ್ನೇ ಇಡದ ಮುನಿಯಪ್ಪನ ಜಗಲಿಯ ಮೇಲೆ ತಟ್ಟೆಗಳನ್ನಿಳಿಸಿ ಹೋಗಿದ್ದರು. ಮನೆಯವರೆಲ್ಲ ಸಂತೆಗೆ ಹೋಗಿದ್ದರು. ಅವರು ಬರುವ ಹೊತ್ತಿಗೆ ಹುಳು ಸತ್ತಿದ್ದವು.

ಅಣ್ಣ ಮಧ್ಯಾಹ್ನದ ಬಸ್ಸಿಗೆ ಗೌರಿಬಿದನೂರಿನಿಂದ ಬಂದರು. ಬೆಳಗ್ಗೆಯೇ ಅಲ್ಲಿಗೆ ಫೋನು ಹೋಗಿತ್ತು. ನನ್ನನ್ನು ಏನೂ ಕೇಳಲಿಲ್ಲ. ಖಾಲಿ ಪೆಟ್ಟಿಗೆಯ ಮುಂದೆ ಕುಳಿತು, ಗೌರಿಬಿದನೂರಿಗೆ ಹೋಗುವ ದಾರಿಯಷ್ಟನ್ನು ಕೈಯಿಂದ ಬರೆದು, ಗುರುವಾರದ ಫೈಲನ್ನು ವಾಪಸ್ ತರಿಸಿದರು. ನಾಲ್ಕು ಊರೂ ಎದ್ದು ಕೂತವು. ಇಷ್ಟಕ್ಕೆ ಹಿಡಿದದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ಸಂಜೆ ಎಂದಿನಂತೆ ಸೈಕಲ್ ಹತ್ತಿ ಕಳವಾರಕ್ಕೆ ಹೋದರು.

ಸೋಮವಾರ ವಿಚಾರಣೆ. ಬೆಳೆಗಾರರ ಕಡೆಯವರು ಹೊರಗೆ ಸೇರಿದ್ದರು. ಯಾರಾದರೂ ಒಬ್ಬರ ಹೆಸರು ಹೇಳಲೇಬೇಕಿತ್ತು. ಪೆಟ್ಟಿಗೆ ಕರೆಂಟಿನಿಂದ ಕೆಟ್ಟಿತೋ, ಯಾರಾದರೂ ಕೈಯಾಡಿಸಿದರೋ ಎಂಬುದು ಪ್ರಶ್ನೆ. ಕಾರ್ಯದರ್ಶಿಗಳು ಬುದ್ಧಿವಂತರು. ಶುಕ್ರವಾರ ಸಂಜೆಯ ಬ್ಯಾಕಪ್ ನೋಡಿದರೆ ಗೊತ್ತಾಗುತ್ತದಲ್ಲ, ತೋರಿಸಿ ಎಂದರು. ಅದರ ತಲೆಯಲ್ಲಿ ನನ್ನ ಹೆಸರಿದೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಲ್ಲಿನದನ್ನು ಅಳಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಅಷ್ಟು ದಿನ ಅವರ ಪಕ್ಕದಲ್ಲಿ ಕೂತು ನಾನು ಕಲಿತದ್ದು ಅಷ್ಟೇ.

ಅವರು ಎದ್ದು ನಿಂತರು. "ಶುಕ್ರವಾರ ತಗೊಂಡಿಲ್ಲ ಸಾ. ಮರೆತೆ" ಅಂದರು.

ಕಾರ್ಯದರ್ಶಿಗಳು ನಂಬಲಿಲ್ಲ. ಗೌರಿಬಿದನೂರಿಗೆ ಫೋನು ಮಾಡಿ ಪದ್ಮಕ್ಕನಿಂದ ಫೈಲಿನ ಅಳತೆ ಓದಿಸಿದರು. ಶುಕ್ರವಾರದ ಹೆಸರಿನ ಫೈಲು ಇತ್ತು, ಅಳತೆ ಸೊನ್ನೆ. ಎಲೆ ಹಾಕಿತ್ತು, ಬಡಿಸಿರಲಿಲ್ಲ. ಕಾರಣ ತಿಳಿದುಬಂದಿಲ್ಲ, ಆದರೆ ಬ್ಯಾಕಪ್ ತೆಗೆಯದೆ ಕರ್ತವ್ಯಲೋಪ ಎಸಗಿದ್ದಾರೆ ಎಂದು ಅವರ ಹೆಸರಿಗೆ ಮೆಮೊ ಆಯಿತು. ಅದನ್ನು ಹೊರಗೆ ಸೇರಿದ್ದ ಬೆಳೆಗಾರರಿಗೆ ಓದಿ ಹೇಳಿದರು. ನಿವೃತ್ತಿಯ ನಂತರದ ಎರಡು ವರ್ಷದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ನನಗೆ ಆವತ್ತು ದೇವರಲ್ಲಿ ನಂಬಿಕೆ ಬಂತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಮರೆಯದ ಮನುಷ್ಯ, ನಾನು ತಪ್ಪು ಮಾಡಿದ ದಿನವೇ ಮರೆತಿದ್ದರು. ನಿಜ ಹೇಳಬೇಕು ಎನ್ನಿಸಿದಾಗೆಲ್ಲ, ಅವರೂ ತಪ್ಪಿದ್ದಾರಲ್ಲ, ಮೆಮೊ ಬಂದದ್ದು ಅವರ ತಪ್ಪಿಗೆ ತಾನೇ ಎಂದು ಲೆಕ್ಕ ಸರಿಮಾಡಿಕೊಳ್ಳುತ್ತಿದ್ದೆ. ಎರಡು ತಿಂಗಳಿಗೆ ಖಾಯಂ ಆದೆ. ಸ್ವೀಟು ಹಂಚಿದೆ. ಅವರು ಎರಡು ತೆಗೆದುಕೊಂಡು, ಒಂದು ತಂಗಿಗೆ ಎಂದರು.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಾರ ಹಾಕಿದರು. ಕಾರ್ಯದರ್ಶಿಗಳು ಮಾತನಾಡುತ್ತ, ಒಂದು ದಿನವನ್ನು ಹೊರತುಪಡಿಸಿದರೆ ಇವರ ಸೇವೆ ಎಲ್ಲರಿಗೂ ಮಾದರಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವರು ಕೈ ಮುಗಿದು ಕುಳಿತೇ ಇದ್ದರು. ಮಾತನಾಡಿ ಎಂದಾಗ, ಹೇಳೋದೇನಿಲ್ಲ ಎಂದರು.

ಆಮೇಲೆ ಒಮ್ಮೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಸಿಕ್ಕಿದರು. ಮುಖ ಇಳಿದಿತ್ತು. ನನಗೆ ಕರುಣೆ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನಾನು ಅವರಿಗೆ ಸಮಾಧಾನ ಹೇಳಿದೆ. "ಪರ್ವಾಲೇದಣ್ಣ, ಯಾರಾದ್ರೂ ಒಂದ್ಸಲ ಮರೀತಾರೆ" ಅಂದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಇನ್ನೇನೋ ಕೇಳುತ್ತೇನೆಂದು ಕಾದಂತಿತ್ತು. ಆಮೇಲೆ, ಹೂಂ ಕಣಪ್ಪ, ವಯಸ್ಸಾಯ್ತಲ್ಲ ಎಂದು ಚಹಾ ಮುಗಿಸಿದರು. ಅದೇ ಕೊನೆ. ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆ ಎಂದು ಎಲ್ಲರೂ ಮಾತನಾಡಿಕೊಳ್ಳುತ್ತಿದ್ದ ವರ್ಷ, ಅದು ಬರುವ ಮೊದಲೇ, ಕಳವಾರದಲ್ಲಿ ತಂಗಿಯ ಮನೆಯಲ್ಲಿ ಎದೆನೋವು ಬಂದು ಹೋದರು.

ಹನ್ನೊಂದನೇ ದಿನದ ಕಾರ್ಯಕ್ಕೆ ಕಚೇರಿಯಿಂದ ನನ್ನನ್ನು ಕಳಿಸಿದರು. ಬರುವಾಗ ಒಕ್ಕೂಟದ ಫ್ಲಾಪಿಗಳೇನಾದರೂ ಇದ್ದರೆ ತಂದುಬಿಡು, ಕಚೇರಿಯ ಸಾಮಾನು ಎಂದಿದ್ದರು ಕಾರ್ಯದರ್ಶಿಗಳು. ಊಟವಾದ ಮೇಲೆ ಸಂಕೋಚದಿಂದಲೇ ತಂಗಿಯನ್ನು ಕೇಳಿದೆ: ಅಣ್ಣ ಇಲ್ಲೇನೋ ಕಾಪಿ ಇಡ್ತಿದ್ರಂತಲ್ಲ ಅಮ್ಮ, ಬೇಕಾಗಿತ್ತು. ಆಕೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನನ್ನ ಊರು ಯಾವುದು ಎಂದರು. ಜಂಗಮಕೋಟೆ ಎಂದೆ. ಆಕೆ ಕೈ ಒರೆಸಿಕೊಂಡು ಅಟ್ಟ ಹತ್ತಿದರು.

ಫ್ಲಾಪಿಗಳೆಲ್ಲ ಒಂದು ಡಬ್ಬದಲ್ಲಿದ್ದವು. ಅವನ್ನು ಆಕೆ ಮುಟ್ಟಲಿಲ್ಲ. ಒಂದು ರಾಗಿ ಮಡಕೆಯ ಬಾಯಿ ಬಿಚ್ಚಿ, ಮೊಣಕೈವರೆಗೂ ಕೈ ಹಾಕಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದ ಒಂದೇ ಒಂದು ಫ್ಲಾಪಿಯನ್ನು ತೆಗೆದುಕೊಟ್ಟರು.

"ಜಂಗಮಕೋಟೆ ಹುಡುಗ ಬಂದು ಕೇಳಿದ್ರೆ ಕೊಡು, ಕೇಳ್ದಿದ್ರೆ ನೀನಾಗಿ ಕೊಡಬ್ಯಾಡ ಅಂದಿದ್ದ ನಮ್ಮಣ್ಣ" ಅಂದರು. "ಬರ್ತಾನೆ ಅಂತ ಬಾಳ ದಿನ ಕಾದ ಕಣಪ್ಪ."

ಕಚೇರಿಗೆ ಬಂದು ಹಾಕಿ ನೋಡಿದೆ. ಆ ವಾರದ ಫೈಲುಗಳು. ಸೋಮವಾರದಿಂದ ಶುಕ್ರವಾರದವರೆಗೆ ಐದೂ ದಿನ. ಶುಕ್ರವಾರದ್ದು ಖಾಲಿಯಾಗಿರಲಿಲ್ಲ. ತಲೆಯ ಸಾಲಿನಲ್ಲಿ ಕೊನೆಯ ಬದಲಾವಣೆಯ ಹೊತ್ತು, ಪಕ್ಕದಲ್ಲಿ ನನ್ನ ಹೆಸರು.

ಮರುದಿನ ಶನಿವಾರ. ಮೊದಲ ಬಸ್ಸಿಗೆ ಗೌರಿಬಿದನೂರಿಗೆ ಹೋದೆ. ಪದ್ಮಕ್ಕನ ಮೇಜಿನ ಮೇಲೆ ಫ್ಲಾಪಿ ಇಟ್ಟೆ. ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿದ್ದ ನಾಲ್ಕು ರಾಗಿ ಕಾಳು ಮೇಜಿನ ಮೇಲೆ ಉದುರಿದವು. ಆಕೆ ಕಾಳುಗಳನ್ನೇ ನೋಡಿದರು.

"ಆವತ್ತು ನಾಲ್ಕೂವರೆಗೆ ಬಡಿಸಿದ್ರಪ್ಪ. ಅಳತೆ ಓದಿದ್ದು ನಾನೇ" ಅಂದರು. "ಬೆಳಗ್ಗೆ ಇಲ್ಲೇ ಕೂತು ಫ್ಲಾಪಿಗೆ ಇಳಿಸ್ಕೊಂಡ್ರು. ಅಷ್ಟರಲ್ಲಿ ಫೋನ್ ಬಂತು. ಫೈಲ್ ತೆಗೆದು ನೋಡಿದ್ರು. ಆಮ್ಯಾಕೆ, ಅಮ್ಮ, ಬಡಿಸಿದ್ದು ಎತ್ತಿಬಿಡು, ಎಲೆ ಇರಲಿ ಅಂದ್ರು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಪದ್ಮಕ್ಕ ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಳ್ಳುತ್ತ, ಯಾರು ಕೇಳಿದ್ರು ಅಂದರು.

ಅವರು ಮರೆತಿದ್ದರು ಎಂಬ ಒಂದೇ ಆಧಾರದ ಮೇಲೆ ನಾನು ಅಷ್ಟು ದಿನ ಉಂಡು ಮಲಗಿದ್ದೆ. ಆ ಮೆಮೊದ ಒಂದಕ್ಷರವೂ ಅವರಿಗೆ ಸೇರಿದ್ದಲ್ಲ. ತಮಗಿದ್ದ ಒಂದೇ ಹೆಮ್ಮೆಯನ್ನು ತೆಗೆದು ನನ್ನ ಕೆಲಸದ ಕೆಳಗಿಟ್ಟು, ನಾನಾಗಿ ಬಂದು ಕೇಳಲಿ ಎಂದು ಕಾದು, ನಾನು ಹೇಳಿದ ಸಮಾಧಾನವನ್ನೂ ಕೇಳಿಸಿಕೊಂಡು ಹೋದರು. ಪದ್ಮಕ್ಕನ ಎದುರೇ ಅತ್ತೆ. ಆಕೆ ಕಿಟಕಿಯ ಕಡೆ ತಿರುಗಿ ಕೂತರು.

ಕಾರ್ಯದರ್ಶಿಗಳಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಅವರು ಎರಡು ಸಲ ಓದಿ, ಮುನಿಯಪ್ಪಂದಿರೆಲ್ಲ ಈಗ ಸುಮ್ಮನಾಗಿದ್ದಾರೆ, ತೀರಿಕೊಂಡವರ ಮೆಮೊ ವಾಪಸ್ ಪಡೆಯುವ ಪದ್ಧತಿಯೂ ನಮ್ಮಲ್ಲಿಲ್ಲ ಎಂದು ಪತ್ರವನ್ನು ನನ್ನ ಕೈಗೇ ಹಿಂದಿರುಗಿಸಿದರು. ಹೋಗಿ ಕೆಲಸ ನೋಡು ಎಂದರು.

ನೋಡಿದೆ. ಗೌರಿಬಿದನೂರಿನ ಸರ್ವರಿನಲ್ಲಿ ಶುಕ್ರವಾರದ ಎಲೆ ಹಾಗೇ ಇತ್ತು, ಅಳತೆ ಸೊನ್ನೆ. ಫ್ಲಾಪಿಯಲ್ಲಿದ್ದುದನ್ನು ಅದಕ್ಕೆ ಬಡಿಸಿದೆ. ಪದ್ಮಕ್ಕ ಫೋನಿನಲ್ಲಿ ಅಳತೆಯನ್ನು ಬಿಡಿ ಅಂಕಿಯವರೆಗೂ ಓದಿದರು, ತಾಳೆಯಾಯಿತು. ಫ್ಲಾಪಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿ ಕಳವಾರಕ್ಕೆ ಕೊಂಡುಹೋಗಿ ತಂಗಿಯ ಕೈಗೆ ಕೊಟ್ಟೆ. ಆಕೆ ಅದನ್ನು ರಾಗಿಯೊಳಗೆ ಇಟ್ಟು ಮಡಕೆಯ ಬಾಯಿ ಕಟ್ಟಿದರು. ಅಲ್ಲಿಗೆ ಎರಡಾಯಿತು. ಮೂರನೆಯದು ಈ ಬರಹ.